ಹೇರು ಹೊತ್ತವನ ಹೊಣೆ ಬರೆದ ಸನ್ಯಾಸಿ: ಕಲ್ಯಾಣದ ವಿಜ್ಞಾನೇಶ್ವರ

ಲಕ್ಕುಂಡಿ (ಗದಗ ಜಿಲ್ಲೆ): ಗದಗದಿಂದ ಕೊಪ್ಪಳದತ್ತ ಸಾಗುವ ಹೆದ್ದಾರಿಯ ಮಗ್ಗುಲಲ್ಲಿರುವ ಲಕ್ಕುಂಡಿಯನ್ನು ನಾಡಿನ ಜನ ನೂರೊಂದು ಗುಡಿ, ನೂರೊಂದು ಬಾವಿಗಳ ಊರೆಂದು ಬಲ್ಲರು. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವೂ, ಕಾಶಿ ವಿಶ್ವೇಶ್ವರ ದೇವಾಲಯವೂ, ಮುಸುಕಿನ ಬಾವಿಯೂ ಪ್ರವಾಸಿಗರನ್ನು ಇಲ್ಲಿಗೆ ಸೆಳೆಯುತ್ತವೆ. ಆದರೆ ಲೊಕ್ಕಿಗುಂಡಿ ಎಂದು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಈ ಊರು ಸರಕು ಬಂದಿಳಿಯುವ ಪಟ್ಟಣವೂ ಆಗಿತ್ತು. ಇಲ್ಲಿನ ಟಂಕಸಾಲೆಯ ಹೆಸರು ಹೊತ್ತ ಲೊಕ್ಕಿ ಗದ್ಯಾಣವೆಂಬ ಹೊನ್ನಿನ ನಾಣ್ಯವನ್ನು ಶಾಸನಗಳು ಹೆಸರಿಸುತ್ತವೆ.

ಇಂದು ಇದೇ ಹೆದ್ದಾರಿಯಲ್ಲಿ ವರ್ಗಾವಣೆಯಾದ ನೌಕರರ, ಮಕ್ಕಳ ಓದಿಗಾಗಿ ಊರು ಬಿಟ್ಟವರ, ಬೆಂಗಳೂರಿನಲ್ಲಿ ಕೆಲಸ ಸಿಕ್ಕವರ ಮನೆ ಸಾಮಾನು ಹೊತ್ತ ಬಾಡಿಗೆ ಲಾರಿಗಳು ಓಡುತ್ತವೆ. ದಾರಿಯಲ್ಲಿ ಕಪಾಟು ಒಡೆದರೆ, ಲಾರಿ ಮಗುಚಿದರೆ, ಮಳೆಯಲ್ಲಿ ಹಾಸಿಗೆ ಪುಸ್ತಕಗಳು ತೊಯ್ದರೆ ಆ ನಷ್ಟವನ್ನು ಯಾರು ತುಂಬಿಕೊಡಬೇಕು? ಲಾರಿಗೆ ಇನ್ಶೂರೆನ್ಸ್ ಇದೆಯಲ್ಲ ಎಂದು ನೆಮ್ಮದಿಯಿಂದಿರುವ ಬಹುತೇಕ ಕುಟುಂಬಗಳು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಲೊಕ್ಕಿಗುಂಡಿಯನ್ನು ಆಳುತ್ತಿದ್ದ ಚಾಲುಕ್ಯರ ರಾಜಧಾನಿಯಲ್ಲಿ ಕುಳಿತು, ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆ ಒಬ್ಬ ಸನ್ಯಾಸಿ ಇದೇ ಪ್ರಶ್ನೆಗೆ ಉತ್ತರ ಬರೆದಿಟ್ಟಿದ್ದಾನೆ. ಆತನೇ ಮಿತಾಕ್ಷರದ ಕರ್ತೃ ವಿಜ್ಞಾನೇಶ್ವರ.

ಆಸ್ತಿ ಪಾಲಿನ ವ್ಯಾಜ್ಯಗಳ ಮೂಲಕ ಈತನ ಹೆಸರು ದೇಶದ ನ್ಯಾಯಾಲಯಗಳಲ್ಲೆಲ್ಲ ಪರಿಚಿತ. ಹೇರಿನ ಹೊಣೆಯ ಕುರಿತು ಈತ ಬರೆದದ್ದು ಮಾತ್ರ ವಿದ್ವಾಂಸರ ಕಪಾಟಿನಲ್ಲಿಯೇ ಉಳಿಯಿತು. ಮನೆ ಬದಲಿಸುವ ಇಂದಿನ ಕುಟುಂಬಕ್ಕೆ ಆ ಪುಟಗಳೂ ಉಪಯುಕ್ತವೇ ಆಗಿವೆ.

ವಿಕ್ರಮನ ಕಾಲದ ನಾಡು

ವಿಜ್ಞಾನೇಶ್ವರ ಬಾಳಿದ್ದು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. 1076ರಲ್ಲಿ ಪಟ್ಟವೇರಿದ ಈ ಅರಸ ಶಕ ವರ್ಷದ ಬದಲಿಗೆ ಚಾಲುಕ್ಯ ವಿಕ್ರಮ ವರ್ಷವೆಂಬ ಹೊಸ ಕಾಲಗಣನೆಯನ್ನು ಆರಂಭಿಸಿ, 1126ರವರೆಗೆ ಅರ್ಧ ಶತಮಾನ ಆಳಿದನು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆತನ ರಾಜಧಾನಿ. ಕಾಶ್ಮೀರದಿಂದ ಬಂದ ಬಿಲ್ಹಣ ಕವಿ ವಿಕ್ರಮಾಂಕದೇವಚರಿತವನ್ನು ರಚಿಸಿದ್ದು ಇದೇ ಆಸ್ಥಾನದಲ್ಲಿ. ಲಕ್ಕುಂಡಿಗೆ ಸಮೀಪದ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಇದೇ ಅರಸನ ದಂಡನಾಯಕನಾದ ಮಹಾದೇವ.

ಆಗ ಲೊಕ್ಕಿಗುಂಡಿ, ಗದಗ, ಅಣ್ಣಿಗೇರಿಗಳು ಬೆಳ್ವೊಲ ಮುನ್ನೂರು ಎಂಬ ನಾಡಿಗೆ ಸೇರಿದ್ದವು. ಲಕ್ಷ್ಮೇಶ್ವರದ ಸುತ್ತಣ ಪ್ರದೇಶ ಪುಲಿಗೆರೆ ಮುನ್ನೂರಿಗೆ ಸೇರಿತ್ತು. ಕಪ್ಪು ನೆಲದ ಈ ನಾಡುಗಳಿಂದ ಧಾನ್ಯ, ಹತ್ತಿ, ಬಟ್ಟೆ ಮೊದಲಾದ ಸರಕು ಎತ್ತಿನ ಬೆನ್ನೇರಿ, ಬಂಡಿಯೇರಿ ಹೊರಡುತ್ತಿದ್ದವು. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘ ದಕ್ಷಿಣ ಭಾರತದುದ್ದಕ್ಕೂ ವ್ಯಾಪಾರ ನಡೆಸುತ್ತಿತ್ತು. ಸರಕಿನ ಮೇಲೆ ವಿಧಿಸುತ್ತಿದ್ದ ಪೆರ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಉಲ್ಲೇಖ ಅಂದಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಸರಕಿನ ಓಡಾಟ ಇದ್ದಲ್ಲಿ ನಷ್ಟವೂ ಇರುತ್ತದೆ, ಜಗಳವೂ ಇರುತ್ತದೆ. ಹೇರೆತ್ತು ಹೊಳೆಯಲ್ಲಿ ಮುಗ್ಗರಿಸಿದರೆ, ಬಂಡಿಯಚ್ಚು ಮುರಿದರೆ, ಕಾಡುದಾರಿಯಲ್ಲಿ ಕಳ್ಳರು ಅಡ್ಡಗಟ್ಟಿದರೆ ಸರಕಿನ ಒಡೆಯನಿಗೆ ಬಾಡಿಗೆಯವನು ಏನನ್ನು ಕೊಡಬೇಕೆಂಬುದಕ್ಕೆ ಒಂದು ನಿಯಮ ಬೇಕಿತ್ತು. ಅಂಥ ನಿಯಮಗಳನ್ನು ಬಿಡಿಸಿ ವಿವರಿಸಿದ ಗ್ರಂಥ ಕಲ್ಯಾಣದಲ್ಲಿ ಸಿದ್ಧವಾಯಿತು.

ಮನೆ ಬಿಟ್ಟವನ ಬದುಕು

ತನ್ನ ಬಗ್ಗೆ ವಿಜ್ಞಾನೇಶ್ವರ ಹೇಳಿಕೊಂಡದ್ದು ಬಹಳ ಕಡಿಮೆ. ತಂದೆ ಪದ್ಮನಾಭ ಭಟ್ಟೋಪಾಧ್ಯಾಯ, ಗೋತ್ರ ಭಾರದ್ವಾಜ, ಗುರು ಉತ್ತಮ ಎಂಬುದು ಗ್ರಂಥದ ಕೊನೆಯ ಭಾಗದಿಂದ ತಿಳಿದುಬರುತ್ತದೆ. ಪರಮಹಂಸ ಪರಿವ್ರಾಜಕ ಎಂಬ ವಿಶೇಷಣವೂ ಅಲ್ಲಿದೆ. ಅಂದರೆ ಈತ ಮನೆ ಮಠಗಳ ಹಂಗು ತೊರೆದು ಸನ್ಯಾಸ ಸ್ವೀಕರಿಸಿದವನು. ಸ್ವಂತಕ್ಕೆ ಮನೆಯಿಲ್ಲದ ವ್ಯಕ್ತಿಯೊಬ್ಬ ಮನೆ, ಹೊಲ, ಸಾಲ, ಬಡ್ಡಿ, ಬಾಡಿಗೆ, ಹೇರುಗಳ ಬಗ್ಗೆ ಇಷ್ಟು ಕೂಲಂಕಷವಾಗಿ ಬರೆದದ್ದು ಓದುಗರಿಗೆ ಅಚ್ಚರಿ ತರುವ ಸಂಗತಿ.

ಕಲಬುರಗಿ ಜಿಲ್ಲೆಯ ಮರತೂರು ಗ್ರಾಮ ವಿಜ್ಞಾನೇಶ್ವರನನ್ನು ತನ್ನವನೆಂದು ಇಂದಿಗೂ ಅಭಿಮಾನದಿಂದ ನೆನೆಯುತ್ತದೆ. ಆತನ ಕಾರ್ಯಕ್ಷೇತ್ರ ಕಲ್ಯಾಣವೇ ಆಗಿತ್ತೆಂಬುದಕ್ಕೆ ಗ್ರಂಥವೇ ಸಾಕ್ಷಿ. ಕಲ್ಯಾಣದಂಥ ನಗರ, ವಿಕ್ರಮನಂಥ ಅರಸ, ವಿಜ್ಞಾನೇಶ್ವರನಂಥ ಪಂಡಿತ ಭೂಮಿಯ ಮೇಲೆ ಹಿಂದೆ ಇರಲಿಲ್ಲ, ಮುಂದೆ ಆಗಲಾರರು ಎಂಬ ಅರ್ಥದ ಮಾತು ಗ್ರಂಥದ ಕೊನೆಯಲ್ಲಿದೆ. ಊರು, ದೊರೆ, ಪಂಡಿತ ಈ ಮೂವರನ್ನೂ ಒಂದೇ ಉಸಿರಿನಲ್ಲಿ ಹೊಗಳುವ ಈ ಮಾತಿನಲ್ಲಿ ಆ ಕಾಲದ ಕಲ್ಯಾಣದ ಆತ್ಮವಿಶ್ವಾಸ ಕಾಣಿಸುತ್ತದೆ.

ಈತ ಹೊಸ ಸ್ಮೃತಿಯನ್ನು ಬರೆಯಲಿಲ್ಲ. ಸುಮಾರು ಒಂದು ಸಾವಿರ ಶ್ಲೋಕಗಳ ಯಾಜ್ಞವಲ್ಕ್ಯ ಸ್ಮೃತಿಯನ್ನು ಕೈಗೆತ್ತಿಕೊಂಡು ಅದಕ್ಕೆ ವ್ಯಾಖ್ಯಾನ ಬರೆದನು. ಆಚಾರ, ವ್ಯವಹಾರ, ಪ್ರಾಯಶ್ಚಿತ್ತವೆಂಬ ಮೂರು ಅಧ್ಯಾಯಗಳ ಆ ಸ್ಮೃತಿಗೆ ವಿಶ್ವರೂಪನೆಂಬ ಹಿರಿಯ ವಿದ್ವಾಂಸನ ವಿಸ್ತಾರವಾದ ವ್ಯಾಖ್ಯಾನ ಮೊದಲೇ ಇತ್ತು. ಕಲಿಯುವವರಿಗೆ ತಿಳಿಯುವಂತೆ, ನೇರವಾದ ಅಳತೆಯ ಮಾತುಗಳಲ್ಲಿ ವಿವರಿಸುವುದು ತನ್ನ ಉದ್ದೇಶವೆಂದು ವಿಜ್ಞಾನೇಶ್ವರ ಆರಂಭದಲ್ಲಿಯೇ ಸೂಚಿಸುತ್ತಾನೆ. ಮಿತವಾದ ಅಕ್ಷರಗಳುಳ್ಳದ್ದು ಎಂಬುದೇ ಮಿತಾಕ್ಷರ ಎಂಬ ಹೆಸರಿನ ಅರ್ಥ.

ಹೇರು ಹೊತ್ತವನ ಹೊಣೆ

ವ್ಯವಹಾರಾಧ್ಯಾಯದಲ್ಲಿ ಕೂಲಿ ಮತ್ತು ಬಾಡಿಗೆಯನ್ನು ಕುರಿತ ಪ್ರಕರಣವೊಂದಿದೆ. ಕೂಲಿಗೆ ಸರಕು ಹೊರುವವನ ಹೊಣೆಯನ್ನು ಯಾಜ್ಞವಲ್ಕ್ಯ ಅಲ್ಲಿ ಎರಡೇ ಶ್ಲೋಕಗಳಲ್ಲಿ ಹೇಳಿ ಮುಗಿಸುತ್ತಾನೆ. ರಾಜನಿಂದಲೋ ದೈವದಿಂದಲೋ ಉಂಟಾಗದ ನಷ್ಟವನ್ನು ಹೊತ್ತವನೇ ತುಂಬಿಕೊಡಬೇಕು ಎಂಬುದು ಮೊದಲ ನಿಯಮ. ವಿಜ್ಞಾನೇಶ್ವರ ಇದನ್ನು ಬಿಡಿಸುತ್ತಾ, ಹೊರುವವನ ಎಚ್ಚರಗೇಡಿತನದಿಂದ ಸರಕು ಹಾಳಾದರೆ, ಎಷ್ಟು ಹಾಳಾಯಿತೋ ಅಷ್ಟರ ಪ್ರಮಾಣಕ್ಕೆ ತಕ್ಕಂತೆ ಅವನಿಂದ ಕೊಡಿಸಬೇಕೆಂದು ಸ್ಪಷ್ಟಪಡಿಸುತ್ತಾನೆ. ಹತ್ತು ಮಡಕೆಗಳಲ್ಲಿ ಮೂರು ಒಡೆದರೆ ಮೂರರ ಬೆಲೆ ಎಂದು ಇದನ್ನು ನಾವು ಅರ್ಥಮಾಡಿಕೊಳ್ಳಬಹುದು. ತನ್ನ ಮಾತಿಗೆ ಬೆಂಬಲವಾಗಿ ನಾರದ ಸ್ಮೃತಿಯನ್ನೂ ಆತ ಮುಂದಿಡುತ್ತಾನೆ.

ಇಲ್ಲಿ ರಾಜ ಎಂದರೆ ಅಧಿಕಾರದ ಕಡೆಯಿಂದ ಬಂದ ತೊಂದರೆ. ದೈವ ಎಂದರೆ ಸಿಡಿಲು, ನೆರೆಯಂತಹ, ಮನುಷ್ಯನ ಕೈಮೀರಿದ ಆಪತ್ತು. ಈ ಎರಡರಿಂದ ಆದ ನಷ್ಟ ಹೊತ್ತವನಿಗೆ ತಗಲುವುದಿಲ್ಲ. ಅದು ಸರಕಿನ ಒಡೆಯನ ಪಾಲಿಗೇ ಉಳಿಯುತ್ತದೆ.

ಇದೇ ಗ್ರಂಥದ ಠೇವಣಿ ಪ್ರಕರಣದೊಂದಿಗೆ ಹೋಲಿಸಿದರೆ ಈ ನಿಯಮದ ಬಿಗಿ ಇನ್ನಷ್ಟು ತಿಳಿಯುತ್ತದೆ. ನಂಬಿಕೆಯಿಂದ ಇರಿಸಿಕೊಂಡ ವಸ್ತುವನ್ನು ರಾಜ, ದೈವ ಅಥವಾ ಕಳ್ಳ ಈ ಮೂವರಲ್ಲಿ ಯಾರು ಕಿತ್ತುಕೊಂಡರೂ ಇರಿಸಿಕೊಂಡವನು ತುಂಬಿಕೊಡಬೇಕಿಲ್ಲ. ಕೂಲಿ ಪಡೆದು ಹೊರುವವನ ಶ್ಲೋಕದಲ್ಲಿ ಕಳ್ಳನ ಹೆಸರಿಲ್ಲ. ಹಣ ಪಡೆದು ಹೊಣೆ ಹೊತ್ತವನಿಗೆ ಸಡಿಲಿಕೆ ಕಡಿಮೆ ಎಂಬ ತತ್ವ ಈ ವ್ಯತ್ಯಾಸದಲ್ಲಿ ಅಡಗಿದೆ.

ಹೊರಡುವ ಹೊತ್ತಿಗೆ ಕೈಕೊಟ್ಟವನಿಗೆ

ಮನೆ ಬದಲಿಸುವ ದಿನ ಬೆಳಗಿನ ಆರಕ್ಕೆ ಬರುತ್ತೇನೆಂದ ಲಾರಿ ಬಾರದೇ ಹೋದ ಕಷ್ಟ ಅನೇಕ ಓದುಗರ ಅನುಭವಕ್ಕೆ ಬಂದಿರಬಹುದು. ಮಿತಾಕ್ಷರದಲ್ಲಿ ಅದಕ್ಕೂ ಜಾಗವಿದೆ. ಪ್ರಯಾಣಕ್ಕೆ ವಿಘ್ನ ತಂದವನು ಒಪ್ಪಿದ ಕೂಲಿಯ ಎರಡರಷ್ಟನ್ನು ತೆರಬೇಕೆಂಬುದು ಮೂಲ ನಿಯಮ. ಮದುವೆ ಮುಂತಾದ ಕಾರ್ಯಕ್ಕಾಗಿ ಶುಭದಿನ ನೋಡಿ ಹೊರಟವನ ಉದಾಹರಣೆಯನ್ನು ವಿಜ್ಞಾನೇಶ್ವರ ಇಲ್ಲಿ ಕೊಡುತ್ತಾನೆ. ಮೊದಲು ಒಪ್ಪಿಕೊಂಡು, ಹೊರಡುವ ಗಳಿಗೆಯಲ್ಲಿ ಮಾಡಲಾರೆನೆಂದರೆ ಇಂಥ ದಂಡ.

ಆದರೆ ಮುಂದಿನ ಶ್ಲೋಕವೇ, ಹೊರಡಲು ಸಿದ್ಧವಾದ ಮೇಲೆ ಕೆಲಸ ಬಿಟ್ಟವನು ಕೂಲಿಯ ಏಳನೆಯ ಒಂದು ಭಾಗವನ್ನು ಮಾತ್ರ ಕೊಡಲಿ ಎನ್ನುತ್ತದೆ. ಒಂದೇ ತಪ್ಪಿಗೆ ಒಂದು ಕಡೆ ಎರಡರಷ್ಟು, ಇನ್ನೊಂದು ಕಡೆ ಏಳನೆಯ ಒಂದು ಭಾಗ. ಈ ವಿರೋಧವನ್ನು ವಿಜ್ಞಾನೇಶ್ವರ ತಾನೇ ಎತ್ತಿ ತಾನೇ ಬಗೆಹರಿಸುತ್ತಾನೆ. ಬೇರೊಬ್ಬ ಆಳನ್ನು ಹುಡುಕಿಕೊಳ್ಳಲು ಸಮಯವಿರುವಾಗ ಬಿಟ್ಟವನಿಗೆ ಏಳನೆಯ ಒಂದು ಭಾಗ, ಹೊರಡುವ ಮುಹೂರ್ತದಲ್ಲಿಯೇ ಬಿಟ್ಟವನಿಗೆ ಎರಡರಷ್ಟು ಎಂದು ಅವೆರಡನ್ನೂ ಹೊಂದಿಸುತ್ತಾನೆ. ದಾರಿಯಲ್ಲಿ ಬಿಟ್ಟರೆ ಕೂಲಿಯ ಕಾಲು ಭಾಗ, ಅರ್ಧ ದಾರಿಯಲ್ಲಿ ಬಿಟ್ಟರೆ ಪೂರ್ತಿ ಕೂಲಿ ತೆರಬೇಕು.

ಈ ನಿಯಮ ಒಮ್ಮುಖವಾಗಿಲ್ಲ. ಬಾಡಿಗೆಗೆ ಕರೆದ ಒಡೆಯನೇ ನಡುವೆ ಕೆಲಸ ಬಿಡಿಸಿದರೆ ಅವನೂ ಅದೇ ಲೆಕ್ಕದಲ್ಲಿ ಕೊಡಬೇಕು. ಹೊರುವವನು ಕಾಯಿಲೆ ಬಿದ್ದಿದ್ದರೆ ಈ ದಂಡ ಅವನಿಗೆ ಅನ್ವಯಿಸದು. ಎರಡೂ ಕಡೆಯವರ ಕಷ್ಟ ತೂಗುವ ಈ ಸಮತೋಲನವೇ ವಿಜ್ಞಾನೇಶ್ವರನ ಬರಹದ ಹೆಗ್ಗುರುತು.

ಕಳ್ಳತನ, ಪಾಲುಗಾರಿಕೆ ಮತ್ತು ಅಪಾಯದ ಬೆಲೆ

ದಾರಿಯಲ್ಲಿ ಕಳವಾದರೆ ಏನು ಎಂಬುದಕ್ಕೆ ಸ್ಮೃತಿಯ ಉತ್ತರ ಇಂದಿನವರನ್ನು ಬೆರಗುಗೊಳಿಸುತ್ತದೆ. ಊರಿನ ಎಲ್ಲೆಯೊಳಗೆ ಕಳವಾದ ಸರಕಿಗೆ ಆ ಊರೇ ಹೊಣೆ. ಕಳ್ಳನ ಹೆಜ್ಜೆಯ ಜಾಡು ಬೇರೊಂದು ಊರಿಗೆ ಹೋದರೆ ಹೊಣೆಯೂ ಅಲ್ಲಿಗೆ ಹೋಗುತ್ತದೆ. ಇದಲ್ಲದೆ, ಕಳ್ಳರು ಒಯ್ದ ದ್ರವ್ಯವನ್ನು ಅರಸ ಪ್ರಜೆಗೆ ಮರಳಿಸಬೇಕು. ಮರಳಿ ಪಡೆಯಲು ಆಗದಿದ್ದರೆ ತನ್ನ ಬೊಕ್ಕಸದಿಂದಲೇ ಕೊಡಬೇಕೆಂದು ಮಿತಾಕ್ಷರ ವಿವರಿಸುತ್ತದೆ. ಆಚರಣೆಯಲ್ಲಿ ಎಲ್ಲ ಅರಸರೂ ಹೀಗೆ ನಡೆದರೆಂದು ಇದರ ಅರ್ಥವಲ್ಲ. ರಸ್ತೆಯ ಭದ್ರತೆ ಆಳುವವರ ಕರ್ತವ್ಯವೆಂಬ ಆದರ್ಶವಂತೂ ಇಲ್ಲಿ ಸ್ಪಷ್ಟವಾಗಿದೆ.

ಕೂಡಿ ವ್ಯಾಪಾರ ಮಾಡುವ ವರ್ತಕರಿಗೆ ಮತ್ತೊಂದು ನಿಯಮವಿದೆ. ಲಾಭವಾಗಲಿ ನಷ್ಟವಾಗಲಿ ಹಾಕಿದ ಬಂಡವಾಳಕ್ಕೆ ತಕ್ಕಂತೆ ಅಥವಾ ಒಪ್ಪಂದದಂತೆ ಹಂಚಿಕೊಳ್ಳಬೇಕು. ಬೇಡವೆಂದರೂ ಮಾಡಿ, ಇಲ್ಲವೇ ಮೈಮರೆತು ಸರಕು ಕೆಡಿಸಿದ ಪಾಲುಗಾರ ತಾನೊಬ್ಬನೇ ಅದನ್ನು ತುಂಬಬೇಕು. ಆಪತ್ತಿನಿಂದ ಸರಕನ್ನು ಉಳಿಸಿದವನಿಗೆ ಅದರ ಹತ್ತನೆಯ ಒಂದು ಭಾಗ ಸಲ್ಲಬೇಕು. ಒಬ್ಬನ ಮೇಲೆ ಬೀಳುವ ಹೊರೆಯನ್ನು ಹಲವರು ಹಂಚಿಕೊಳ್ಳುವ ಈ ಪದ್ಧತಿಯಲ್ಲಿ ವಿಮೆಯ ಬೇರು ಕಾಣಬಹುದು. ಭಾರತದ ವಿಮಾ ಇತಿಹಾಸವನ್ನು ಬರೆಯುವವರು ಮನು, ಯಾಜ್ಞವಲ್ಕ್ಯ, ಕೌಟಿಲ್ಯರನ್ನು ನೆನೆಯುವುದು ಈ ಕಾರಣಕ್ಕಾಗಿಯೇ.

ಸಾಲದ ಪ್ರಕರಣದಲ್ಲಿ ಅಪಾಯಕ್ಕೆ ಬೆಲೆ ಕಟ್ಟಿದ ರೀತಿಯೂ ಗಮನಾರ್ಹ. ಒತ್ತೆಯಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರ ಒಂದು ಭಾಗ, ಅಂದರೆ ಶೇ. 1.25 ಬಡ್ಡಿ. ಸಾಲ ಪಡೆದು ದಟ್ಟ ಕಾಡು ದಾಟಿ ವ್ಯಾಪಾರಕ್ಕೆ ಹೋಗುವವರಿಗೆ ನೂರಕ್ಕೆ 10, ಕಡಲ ವ್ಯಾಪಾರಿಗಳಿಗೆ ನೂರಕ್ಕೆ 20. ಸಾಲ ಕೊಟ್ಟವನ ಅಸಲೇ ಮುಳುಗುವ ಶಂಕೆ ಇರುವುದರಿಂದ ಇಷ್ಟು ಹೆಚ್ಚು ಎಂದು ವಿಜ್ಞಾನೇಶ್ವರ ಕಾರಣ ಕೊಡುತ್ತಾನೆ. ದಾರಿ ಅಪಾಯದ್ದಾದಷ್ಟೂ ತೆರಬೇಕಾದ ಹಣ ಹೆಚ್ಚು ಎಂಬ ಈ ತರ್ಕವೇ ಇಂದಿನ ವಿಮಾ ಕಂತಿನ ತರ್ಕವೂ ಆಗಿದೆ.

ಅರ್ಧ ಉಳಿದ ಕೀರ್ತಿ

ವಿಜ್ಞಾನೇಶ್ವರನ ಹೆಸರು ಶತಮಾನಗಳನ್ನು ದಾಟಿ ಬಂದದ್ದು ಆಸ್ತಿಹಕ್ಕಿನ ವಿಚಾರದಿಂದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂದು ಆತ ಪ್ರತಿಪಾದಿಸಿದನು. ಸಪಿಂಡ ಎಂಬುದಕ್ಕೆ ಶ್ರಾದ್ಧದ ಪಿಂಡದ ಬದಲಿಗೆ ದೇಹಸಂಬಂಧದ ಅರ್ಥ ಹೇಳಿದನು. ಗಂಡುಸಂತಾನವಿಲ್ಲದೆ, ಪಾಲಾಗಿ ಬೇರೆಯಿದ್ದು ತೀರಿಕೊಂಡವನ ಆಸ್ತಿ ಹೆಂಡತಿಗೆ ಸಲ್ಲಬೇಕೆಂದನು. ಸ್ತ್ರೀಧನದ ವ್ಯಾಪ್ತಿಯನ್ನೂ ಹಿಗ್ಗಿಸಿದನು. ಬಂಗಾಳದಲ್ಲಿ ಜೀಮೂತವಾಹನನ ದಾಯಭಾಗ ನೆಲೆಯೂರಿದರೆ, ದೇಶದ ಉಳಿದ ಬಹುಭಾಗದಲ್ಲಿ ಮಿತಾಕ್ಷರವೇ ಪ್ರಮಾಣವಾಯಿತು.

1810ರಲ್ಲಿ ಕೋಲ್‌ಬ್ರೂಕ್ ಕೋಲ್ಕತ್ತದಲ್ಲಿ ಮಿತಾಕ್ಷರದ ದಾಯಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದನು. ಬ್ರಿಟಿಷ್ ನ್ಯಾಯಾಧೀಶರ ಮೇಜಿನ ಮೇಲೆ ಆ ಭಾಗ ಸ್ಥಾನ ಪಡೆಯಿತು. ವ್ಯಾಪಾರ ಮತ್ತು ಸಾಗಣೆಯ ವ್ಯಾಜ್ಯಗಳಿಗೆ ಅವರು ಇಂಗ್ಲೆಂಡಿನ ಮಾದರಿಯ ಕಾಯಿದೆಗಳನ್ನು ತಂದರು. 1865ರಲ್ಲಿ ಸಾಗಣೆದಾರರ ಕಾಯಿದೆ, 1872ರಲ್ಲಿ ಕರಾರು ಕಾಯಿದೆ ಬಂದವು. ಹೀಗೆ ಹೇರಿನ ಪ್ರಕರಣ ನ್ಯಾಯಾಲಯದಿಂದ ಹೊರಗುಳಿಯಿತು. ಆಸ್ತಿಯ ನಿಯಮಗಳೂ ಹಾಗೆಯೇ ಉಳಿಯಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ, ಆ ಬಳಿಕ 2005ರ ಕೇಂದ್ರ ತಿದ್ದುಪಡಿ ಮಿತಾಕ್ಷರದ ಚೌಕಟ್ಟನ್ನು ಬಹಳಷ್ಟು ಬದಲಿಸಿದವು.

ವಿಚಿತ್ರವೆಂದರೆ ಹೊರಗಿಟ್ಟ ಹೇರಿನ ನಿಯಮದ ಆಕಾರ ಬೇರೊಂದು ದಾರಿಯಿಂದ ಮರಳಿ ಬಂದಿತು. ಇಂಗ್ಲೆಂಡಿನಲ್ಲಿ 1703ರಲ್ಲಿ ಮುಖ್ಯ ನ್ಯಾಯಾಧೀಶ ಹೋಲ್ಟ್ ನೀಡಿದ ತೀರ್ಪು, ಬಾಡಿಗೆಗೆ ಎಲ್ಲರ ಸರಕನ್ನೂ ಒಯ್ಯುವವನು ದೈವದ ಕೃತ್ಯ ಮತ್ತು ರಾಜನ ಶತ್ರುಗಳ ಕೃತ್ಯ ಬಿಟ್ಟು ಉಳಿದೆಲ್ಲ ನಷ್ಟಕ್ಕೂ ಹೊಣೆ ಎಂದಿತು. ಎರಡು ನಾಡುಗಳು ಒಂದನ್ನೊಂದು ಓದದೆಯೇ ಹತ್ತಿರದ ಉತ್ತರಗಳಿಗೆ ಬಂದು ನಿಂತಿದ್ದವು.

ಇಂದಿನ ರಾಜ, ಇಂದಿನ ದೈವ

1865ರ ಕಾಯಿದೆಯ ಸ್ಥಾನದಲ್ಲಿ ಈಗಿರುವುದು 2007ರ ರಸ್ತೆ ಸಾಗಣೆ ಕಾಯಿದೆ. ಇದು 2011ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ರಸೀದಿ ನೀಡಿ ಎಲ್ಲರ ಸರಕನ್ನೂ ಬಾಡಿಗೆಗೆ ಒಯ್ಯುವ ಸಾಗಣೆದಾರನು ನಷ್ಟಕ್ಕೆ ಹೊಣೆ. ಆತನ ನಿರ್ಲಕ್ಷ್ಯವನ್ನು ಗ್ರಾಹಕ ರುಜುವಾತುಪಡಿಸಬೇಕಿಲ್ಲ. ವಿನಾಯಿತಿಗಳ ಪಟ್ಟಿ ನೋಡಿದರೆ ಹಳೆಯ ಗುರುತು ಸಿಗುತ್ತದೆ. ದೈವಕೃತ್ಯ, ಯುದ್ಧ, ದಂಗೆ, ನ್ಯಾಯಾಲಯದ ಜಪ್ತಿ, ಸರ್ಕಾರದ ಆದೇಶ ಅಥವಾ ನಿರ್ಬಂಧ. ವಿಜ್ಞಾನೇಶ್ವರ ವಿವರಿಸಿದ ದೈವವೂ ಇಲ್ಲಿದೆ, ರಾಜನೂ ಇದ್ದಾನೆ. ಈ ಕಾರಣಗಳಿಂದಾದ ನಷ್ಟ ಇಂದಿಗೂ ಮಾಲೀಕನದೇ.

ಹೊಣೆಗೆ ಮಿತಿಯೂ ಇದೆ. 2011ರ ನಿಯಮಗಳ ಪ್ರಕಾರ ಸಾಗಣೆದಾರ ಕೊಡಬೇಕಾದ ಪರಿಹಾರ ಬಾಡಿಗೆಯ ಹತ್ತು ಪಟ್ಟನ್ನು ಮೀರದು. ಘೋಷಿಸಿದ ಮೌಲ್ಯವನ್ನೂ ಮೀರದು. ಗದಗದಿಂದ ಬೆಂಗಳೂರಿಗೆ 15,000 ರೂಪಾಯಿ ಬಾಡಿಗೆಗೆ ಒಯ್ದ, 4 ಲಕ್ಷ ರೂಪಾಯಿಯ ಸಾಮಾನು ಪೂರ್ತಿ ನಾಶವಾಯಿತೆಂದುಕೊಳ್ಳಿ. ಸಿಗಬಹುದಾದ ಗರಿಷ್ಠ ಪರಿಹಾರ 1.5 ಲಕ್ಷ. ಉಳಿದ 2.5 ಲಕ್ಷ ಕುಟುಂಬದ ನಷ್ಟ. ಹೆಚ್ಚಿನ ಮೌಲ್ಯ ಘೋಷಿಸಿ ಹೆಚ್ಚಿನ ದರ ತೆತ್ತರೆ ಈ ಮಿತಿಯನ್ನು ಏರಿಸಿಕೊಳ್ಳಲು ಅವಕಾಶವಿದೆ. ಅಮೆರಿಕದಲ್ಲಿಯೂ ಇಂಥ ವ್ಯವಸ್ಥೆಯುಂಟು. ರಾಜ್ಯದಿಂದ ರಾಜ್ಯಕ್ಕೆ ಮನೆ ಸಾಗಿಸುವವರು ಪೂರ್ಣ ಮೌಲ್ಯದ ಹೊಣೆಯನ್ನು ಬಿಟ್ಟುಕೊಟ್ಟರೆ ವಸ್ತುವಿನ ತೂಕಕ್ಕೆ ಪೌಂಡಿಗೆ 60 ಸೆಂಟ್‌ಗಳಷ್ಟೇ ಸಿಗುತ್ತದೆ.

ವಿಮೆಯ ನಾಲ್ಕು ದಾರಿಗಳು

ಬಾಡಿಗೆ ಲಾರಿ ಗೊತ್ತುಮಾಡುವವರು ನಾಲ್ಕು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು.

ಮೊದಲನೆಯದು ಲಾರಿಯ ವಿಮೆ. 1988ರ ಮೋಟಾರು ವಾಹನ ಕಾಯಿದೆ ಕಡ್ಡಾಯ ಮಾಡಿರುವುದು ಮೂರನೇ ವ್ಯಕ್ತಿಯ, ಅಂದರೆ ಥರ್ಡ್ ಪಾರ್ಟಿ ವಿಮೆಯನ್ನು. ಮಾಲೀಕ ಸಮಗ್ರ ಪಾಲಿಸಿ ಪಡೆದಿದ್ದರೆ ಲಾರಿಯ ಹಾನಿಗೂ ಪರಿಹಾರವುಂಟು. ಲಾರಿಯಲ್ಲಿ ಹೇರಿದ ಸಾಮಾನು ಎರಡರ ವ್ಯಾಪ್ತಿಗೂ ಬರುವುದಿಲ್ಲ. ಜೀವದ ವಿಷಯ ಇನ್ನೂ ಗಂಭೀರ. ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿ ವಾಹನದಲ್ಲಿದ್ದರೆ ಕಾಯಿದೆಯ ರಕ್ಷಣೆಯಿದೆ. ಸಾಮಾನಿನ ಮೇಲೆ ಕುಳಿತು ಬರುವ ಮಕ್ಕಳು, ನೆಂಟರು, ಗೆಳೆಯರಿಗೆ ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು. ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಕರಿಗೆ ಈ ವಿಮೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2002ರಲ್ಲಿಯೇ ಆಶಾ ರಾಣಿ ಪ್ರಕರಣದಲ್ಲಿ ತೀರ್ಪು ನೀಡಿದೆ. ಟಾಟಾ ಏಸ್‌ನ ಹಿಂಬದಿಯಲ್ಲಿ ಮನೆಮಂದಿಯನ್ನು ಕೂರಿಸುವ ಮುನ್ನ ಇದು ನೆನಪಿರಲಿ.

ಎರಡನೆಯದು ಸಾಗಣೆದಾರನ ಹೊಣೆ. ಲಾರಿ ರಸೀದಿಯಲ್ಲಿ ಸಾಮಾನಿನ ಮೌಲ್ಯ ಬರೆಸಬೇಕು. ಮಾಲೀಕನ ಹೊಣೆಯಲ್ಲಿ, ಅಂದರೆ ಓನರ್ಸ್ ರಿಸ್ಕ್ ಎಂದು ಅಚ್ಚಾಗಿದೆಯೇ ಎಂದು ಸಹಿಗೆ ಮೊದಲು ಓದಬೇಕು. ನಷ್ಟವಾದರೆ ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ದಾವೆಗೆ ದಾರಿಯಿರದು.

ಮೂರನೆಯದು ಸಾಗಣೆ ವಿಮೆ, ಅಂದರೆ ಟ್ರಾನ್ಸಿಟ್ ಇನ್ಶೂರೆನ್ಸ್. ಒಂದೇ ಪ್ರಯಾಣಕ್ಕೂ ಇದನ್ನು ಪಡೆಯಬಹುದು. ದೇಶದೊಳಗಿನ ರಸ್ತೆ, ರೈಲು ಸಾಗಣೆಗೆ ಎ, ಬಿ, ಸಿ ಎಂಬ ಮೂರು ಬಗೆಯ ಷರತ್ತುಗಳಿವೆ. ಸಿ ಎಂಬುದು ಬೆಂಕಿ ಮತ್ತು ಸಿಡಿಲಿಗೆ ಮಾತ್ರ. ಬಿ ಎಂಬುದು ಅವುಗಳ ಜೊತೆಗೆ ವಾಹನ ಡಿಕ್ಕಿ, ಮಗುಚುವುದು, ಸೇತುವೆ ಕುಸಿತ ಮೊದಲಾದ ಹೆಸರಿಸಿದ ಅಪಾಯಗಳಿಗೆ. ಎ ಎಂಬುದು ಹೊರತುಪಡಿಸಿದವನ್ನು ಬಿಟ್ಟು ಎಲ್ಲ ಅಪಾಯಗಳಿಗೆ. ಕಳವು, ಒಡೆತಗಳ ಚಿಂತೆಯಿದ್ದವರು ಎ ಷರತ್ತನ್ನೇ ಕೇಳಬೇಕು. ದಂಗೆ, ಮುಷ್ಕರಗಳ ರಕ್ಷಣೆಯನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಾಗುತ್ತದೆ. ಸರಿಯಾಗಿ ಕಟ್ಟದ ಸಾಮಾನು, ಸಹಜ ಸವೆತ, ವಿಳಂಬದಿಂದಾದ ನಷ್ಟಕ್ಕೆ ಯಾವ ಪಾಲಿಸಿಯಲ್ಲೂ ಪರಿಹಾರವಿಲ್ಲ. ಮನೆಗೆ ಪಡೆದ ಗೃಹವಿಮೆ ಸಾಮಾನ್ಯವಾಗಿ ಮನೆಯೊಳಗಿನ ವಸ್ತುಗಳಿಗೆ ಸಂಬಂಧಿಸಿದ್ದು. ರಸ್ತೆಗಿಳಿದ ಸಾಮಾನಿಗೆ ಅದು ನೆರವಾಗುತ್ತದೆಂದು ಭಾವಿಸಬಾರದು.

ನಾಲ್ಕನೆಯದು ಪ್ಯಾಕರ್ಸ್ ಅಂಡ್ ಮೂವರ್ಸ್ ಸಂಸ್ಥೆಗಳು ಬಿಲ್ಲಿನಲ್ಲಿ ಸೇರಿಸುವ ವಿಮಾ ಶುಲ್ಕ. ಹಣ ಪಡೆದವರು ನಿಜವಾಗಿಯೂ ವಿಮಾ ಕಂಪನಿಯಿಂದ ಪಾಲಿಸಿ ಪಡೆದಿದ್ದಾರೆಯೇ ಎಂದು ಕೇಳಬೇಕು. ಪಾಲಿಸಿ ಸಂಖ್ಯೆ, ಸಾಮಾನಿನ ಪಟ್ಟಿ, ಗ್ರಾಹಕನ ಹೆಸರು ಇರುವ ಪ್ರಮಾಣಪತ್ರ ಲಾರಿ ಹೊರಡುವ ಮುನ್ನ ಕೈಸೇರಬೇಕು. ಅದಿಲ್ಲದಿದ್ದರೆ ಆ ಶುಲ್ಕ ಸಾಗಿಸುವವನ ಬಾಯಿಮಾತಿನ ಭರವಸೆಯಾಗಿಯೇ ಉಳಿಯುತ್ತದೆ.

ವಿಮಾ ಕಂಪನಿ ಪರಿಹಾರ ಕೊಟ್ಟ ಬಳಿಕ ಮಾಲೀಕನ ಸ್ಥಾನದಲ್ಲಿ ನಿಂತು ಸಾಗಣೆದಾರನಿಂದ ಹಣ ವಸೂಲು ಮಾಡುವ ಹಕ್ಕು ಪಡೆಯುತ್ತದೆ. ಆದ್ದರಿಂದ ವಿಮೆಯಿದ್ದರೂ ಸಾಗಣೆದಾರನಿಗೆ ನೋಟಿಸ್ ಕೊಡುವುದನ್ನು ಮರೆಯುವಂತಿಲ್ಲ. ಹೊರಡುವಾಗಲೂ ಇಳಿಸುವಾಗಲೂ ತೆಗೆದ ಛಾಯಾಚಿತ್ರ, ಹಾನಿಯನ್ನು ರಸೀದಿಯ ಮೇಲೆಯೇ ಬರೆಸಿ ಪಡೆದ ಸಹಿ ಮುಂದೆ ಸಾಕ್ಷ್ಯವಾಗುತ್ತವೆ. ವಿವಾದ ಎದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ವಿಮಾ ಕಂಪನಿಯ ವಿರುದ್ಧದ ದೂರಿಗೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ.

ಉಳಿದ ಪಾಲು

ವಿಜ್ಞಾನೇಶ್ವರನ ಕಾಲದ ಕಲ್ಯಾಣದ ವೈಭವ ಆತನ ತಲೆಮಾರಿನ ನಂತರ ಹೆಚ್ಚು ಕಾಲ ಬಾಳಲಿಲ್ಲ. ಹನ್ನೆರಡನೆಯ ಶತಮಾನದ ನಡುವಿನಲ್ಲಿ ಸಿಂಹಾಸನ ಕಲಚುರಿ ಬಿಜ್ಜಳನ ಕೈಗೆ ಹೋಯಿತು. ಶತಮಾನದ ಕೊನೆಯ ಹೊತ್ತಿಗೆ ಲೊಕ್ಕಿಗುಂಡಿ ಹೊಯ್ಸಳ ವೀರಬಲ್ಲಾಳನ ವಶದಲ್ಲಿತ್ತು. ಲೊಕ್ಕಿ ಗದ್ಯಾಣ ಚಲಾವಣೆಯಿಂದ ಮರೆಯಾಯಿತು, ಸುಂಕದ ಕಟ್ಟೆಗಳು ಹೋದವು. ಸನ್ಯಾಸಿಯೊಬ್ಬನ ಅಳತೆಯ ಅಕ್ಷರಗಳು ಮಾತ್ರ ಹಿಮಾಲಯದಿಂದ ಕನ್ಯಾಕುಮಾರಿಯವರೆಗೆ ಪ್ರತಿಯಾಗುತ್ತಾ, ವ್ಯಾಖ್ಯಾನಕ್ಕೆ ವ್ಯಾಖ್ಯಾನ ಪಡೆಯುತ್ತಾ ಉಳಿದವು. ಹದಿನಾಲ್ಕನೆಯ ಶತಮಾನದ ವಿಶ್ವೇಶ್ವರ ಭಟ್ಟನ ಸುಬೋಧಿನಿ, ಅನಂತರದ ಬಾಲಂಭಟ್ಟಿ ಇವುಗಳಲ್ಲಿ ಪ್ರಮುಖವಾದವು.

ಹೊತ್ತವನ ತಪ್ಪಿಗೆ ಹೊತ್ತವನು ಹೊಣೆ, ಕೈಮೀರಿದ್ದಕ್ಕೆ ಒಡೆಯನೇ ಹೊಣೆ ಎಂದು ಅಂದು ಎಳೆದ ಗೆರೆ ಇಂದಿಗೂ ಹೆಚ್ಚುಕಡಿಮೆ ಅದೇ ಜಾಗದಲ್ಲಿದೆ. ಅಂದಿನ ವರ್ತಕ ತನ್ನ ಪಾಲಿನ ಆ ನಷ್ಟವನ್ನು ಜೊತೆಗಾರರೊಂದಿಗೆ ಹಂಚಿಕೊಳ್ಳುತ್ತಿದ್ದನು. ಬಾಡಿಗೆ ಲಾರಿಯ ಹಿಂದೆ ಒಂಟಿಯಾಗಿ ಹೊರಡುವ ಇಂದಿನ ಕುಟುಂಬಕ್ಕೆ ಅಂಥ ಜೊತೆಗಾರರಿಲ್ಲ. ಆ ಸ್ಥಾನವನ್ನು ತುಂಬಲು ಇರುವುದು ಸಾಗಣೆ ವಿಮೆಯೊಂದೇ. ಹಗ್ಗ ಬಿಗಿಯುವ ಮುನ್ನವೇ ಆ ಪಾಲಿಸಿ ಕೈಯಲ್ಲಿರಬೇಕು.